ಫೀಲ್ಡ್ ರೆಕಾರ್ಡಿಂಗ್‌ಗೆ ಯಾವ ಮೆಮೊರಿ ಕಾರ್ಡ್? ನಾಲ್ಕು ವರ್ಷ ಬಳಸಿದ ಮೇಲೆ

ಝೂಮ್ ಎಚ್1ಎನ್ ರೆಕಾರ್ಡರ್ ಹಿಡಿದುಕೊಂಡು ಯಕ್ಷಗಾನದ ಆಟ, ತಾಳಮದ್ದಳೆ, ಹಳ್ಳಿಯ ಹೆಂಗಸರ ಹಾಡು ಅಂತ ಓಡಾಡಲು ಶುರು ಮಾಡಿ ನಾಲ್ಕು ವರ್ಷ ಆಯ್ತು. ಶುರುವಿನ ಕೆಲವು ತಿಂಗಳು ಬಿಟ್ಟರೆ ಅಷ್ಟೂ ದಿನ ಜೊತೆಗಿರುವುದು ಸ್ಯಾನ್‌ಡಿಸ್ಕ್ ಅಲ್ಟ್ರಾ 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್. ಮೂರು ಇಟ್ಟುಕೊಂಡಿದ್ದೇನೆ. ಒಂದೂ ಕೈಕೊಟ್ಟಿಲ್ಲ.

ಅಂಗಡಿಯಲ್ಲಿ ಕೇಳಿದರೆ ವಿ30, ಯು3 ಅಂತ ವೇಗದ ಗುರುತು ಬರೆದಿರುವ ದುಬಾರಿ ಕಾರ್ಡನ್ನೇ ಮೊದಲು ತೋರಿಸುತ್ತಾರೆ. ಆ ವೇಗ ಬೇಕಾಗುವುದು 4ಕೆ ವಿಡಿಯೋಗೆ. 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋದಲ್ಲಿ ವೇವ್ ಫೈಲ್ ಮಾಡಿದರೂ ಸೆಕೆಂಡಿಗೆ 0.3 ಎಂಬಿ ಕೂಡ ಆಗುವುದಿಲ್ಲ. ಸಾಧಾರಣ ಕ್ಲಾಸ್ 10 ಕಾರ್ಡೇ ಸೆಕೆಂಡಿಗೆ ಕಡಿಮೆಯೆಂದರೂ 10 ಎಂಬಿ ಬರೆಯುತ್ತದೆ. ಜಾಗದ ಲೆಕ್ಕ ಗಂಟೆಗೆ ಸುಮಾರು 1 ಜಿಬಿ. ರಾತ್ರಿ 9ಕ್ಕೆ ಚಂಡೆಗೆ ಪೆಟ್ಟು ಬಿದ್ದು ಬೆಳಗಿನ 6ಕ್ಕೆ ಮಂಗಳ ಹಾಡುವವರೆಗೆ ಹಿಡಿದರೂ 10 ಜಿಬಿ ದಾಟುವುದಿಲ್ಲ. ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು?

ಹಾಗಂತ ತೀರಾ ಅಗ್ಗಕ್ಕೂ ಹೋಗಬೇಡಿ. ಮೊದಲ ವರ್ಷ ನಾನು ಹೋಗಿದ್ದೆ. ಹೆಸರು ಕೇಳಿರದ ಕಾರ್ಡ್, ಅರ್ಧ ಬೆಲೆ, ಮೇಲೆ 32 ಜಿಬಿ ಅಂತ ಬರೆದಿತ್ತು. ಎರಡು ಮೂರು ತಿಂಗಳು ಸರಿಯಾಗೇ ನಡೆಯಿತು. ಆಮೇಲೆ ಶಿರಸಿ ಹತ್ತಿರದ ಒಂದು ಮನೆಯಲ್ಲಿ, ಅಡಿಕೆ ಸುಲಿಯುತ್ತಾ ಕೂತಿದ್ದ ಅಜ್ಜಿಯ ಹಾಡು ಹಿಡಿದೆ. ನಾನು ನಿಲ್ಲಿಸಲು ಹೊರಟಾಗ ಅವರು ಮೆಟ್ಟುಗತ್ತಿಯಿಂದ ಕೈ ತೆಗೆದು, "ತಡಿಯೋ ತಮಾ, ಇನ್ನೊಂದು ನೆನಪಾತು" ಅಂದರು. ಮನೆಗೆ ಬಂದು ನೋಡಿದರೆ ಫೈಲ್ ಇದೆ, ಸೈಜ್ ಇದೆ, ದನಿ ಇಲ್ಲ. ಆ ಕಾರ್ಡಿನಲ್ಲಿ ನಿಜಕ್ಕೂ ಇದ್ದದ್ದು 8 ಜಿಬಿ. ಅದು ತುಂಬಿದ ಮೇಲೂ ಬರೆದ ಹಾಗೆ ನಟಿಸುತ್ತದೆ, ರೆಕಾರ್ಡರ್‌ಗೆ ಗೊತ್ತೇ ಆಗುವುದಿಲ್ಲ. ಮತ್ತೆ ಹೋಗಿ ಕೇಳಿದೆ. ಅಜ್ಜಿ ಬೇಸರ ಮಾಡದೆ ಹಾಡಿದರು. ಆದರೆ ಆ ಕೊನೆಯ ಹಾಡಿನ ನಡುವಿನ ಎರಡು ನುಡಿ ಅವರಿಗೆ ಮತ್ತೆ ನೆನಪಾಗಲೇ ಇಲ್ಲ. ಅದು ಇವತ್ತಿಗೂ ನನಗೆ ಸಂಕಟ.

ಈಗ ಹೆಸರಾಂತ ಕಂಪನಿಯ ಕಾರ್ಡ್ ತಂದರೂ ಮೊದಲು ಪರೀಕ್ಷೆ ಮಾಡುತ್ತೇನೆ, ಯಾಕೆಂದರೆ ನಕಲಿಗಳು ಅದೇ ಹೆಸರಲ್ಲೂ ಬರುತ್ತವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಆದರೆ ಎಫ್3. ಎರಡೂ ಉಚಿತ ತಂತ್ರಾಂಶ. ಕಾರ್ಡ್ ಪೂರ್ತಿ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತವೆ. ಒಂದು ಗಂಟೆ ಹಿಡಿಯಬಹುದು, ಹಿಡಿಯಲಿ. ಆಮೇಲೆ ರೆಕಾರ್ಡರ್‌ನಲ್ಲೇ ಫಾರ್ಮ್ಯಾಟ್ ಮಾಡಿ.

ನನ್ನ ರೆಕಾರ್ಡರ್ 32 ಜಿಬಿವರೆಗೆ ಮಾತ್ರ ತಗೊಳ್ಳುತ್ತದೆ. ಟಾಸ್ಕ್ಯಾಮ್ ಡಿಆರ್-05ಎಕ್ಸ್‌ನಂಥದ್ದರಲ್ಲಿ 128 ಜಿಬಿ ಕೂಡ ನಡೆಯುತ್ತದೆ. ಆದರೂ ನಾನಾದರೆ ಒಂದು ದೊಡ್ಡ ಕಾರ್ಡಿನ ಬದಲು ಮೂರು ಚಿಕ್ಕದನ್ನೇ ಕೊಳ್ಳುತ್ತೇನೆ. ಒಂದು ಕಳೆದರೂ ಒಂದು ರಾತ್ರಿಯ ಆಟ ಹೋಗಬಹುದು, ಇಡೀ ಸೀಸನ್ ಹೋಗುವುದಿಲ್ಲ ಅಲ್ವಾ?

ಕಳೆಯುವ ಭಯ ಮಾತ್ರ ನಿಜ. ಉಗುರಿನಷ್ಟು ಸಣ್ಣದು. ಒಮ್ಮೆ ಚೌಕಿಯ (ವೇಷ ಕಟ್ಟುವ ಜಾಗ) ಚಾಪೆ ಮೇಲೆ ಬಿದ್ದು, ಮೊಬೈಲ್ ಟಾರ್ಚ್ ಹಾಕಿ ಹುಡುಕಬೇಕಾಯಿತು. ಅವತ್ತಿನಿಂದ ಪ್ರತಿ ಕಾರ್ಡಿನ ಮೇಲೂ ಕೆಂಪು ನೇಲ್‌ಪಾಲಿಶ್ ಚುಕ್ಕೆ ಇಟ್ಟಿದ್ದೇನೆ: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು.