ದುಬೈ, ಟೊರಾಂಟೊ, ಹ್ಯಾನೋವರ್: ಮೂರೂ ಕಡೆ ಬದುಕಿ ನೋಡಿದ ಮೇಲೆ

ವಿದೇಶದಲ್ಲಿ ನೆಲೆಸಬೇಕು ಅನ್ನುವವರು ಮೊದಲು ಕೇಳುವುದು ಸಂಬಳ, ಆಮೇಲೆ ತೆರಿಗೆ. ನಾನು ಮೊದಲು ಕೇಳುವುದು ಬೇರೆ: ನಾಳೆ ಕೆಲಸ ಹೋದರೆ ಆ ದೇಶ ನಿಮ್ಮನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ? ನಾನು ಸಿವಿಲ್ ಎಂಜಿನಿಯರ್, ಹೆಂಡತಿ ನರ್ಸ್. ದುಬೈ, ಕೆನಡಾದ ಟೊರಾಂಟೊ, ಜರ್ಮನಿಯ ಹ್ಯಾನೋವರ್ ಮೂರೂ ಊರಲ್ಲಿ ಸಂಸಾರ ಹೂಡಿದ್ದೇವೆ. ಈ ಒಂದು ಪ್ರಶ್ನೆ ಹಿಡಿದು ನೋಡಿದರೆ ಮೂರರ ಸಾಲು ಪೂರ್ತಿ ತಿರುಗುಮುರುಗಾಗುತ್ತದೆ.

ಕೈಗೆ ಬರುವ ದುಡ್ಡಿನಲ್ಲಿ ದುಬೈಯನ್ನು ಮೀರಿಸುವುದು ಕಷ್ಟ. ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲ. 2018ರಿಂದ ವ್ಯಾಟ್ ಬಂದಿದೆ, ಅದೂ ಶೇ. 5 ಮಾತ್ರ. ಕೆಲಸ ಬಿಡುವಾಗ ಗ್ರ್ಯಾಚುಟಿ ಸಿಗುತ್ತದೆ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ನಂತರದ ವರ್ಷಗಳಿಗೆ 30 ದಿನದ್ದು. ಮೂಲ ವೇತನ ಕಡಿಮೆ ಇಟ್ಟು ಭತ್ಯೆ ಜಾಸ್ತಿ ತೋರಿಸುವ ಕಂಪನಿಗಳೂ ಇವೆ, ಸಹಿ ಹಾಕುವ ಮುಂಚೆ ನೋಡಿಕೊಳ್ಳಿ. ಸೆಕೆ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಸೈಟ್‌ನಲ್ಲಿ ನಿಂತು ಹೇಳುತ್ತೇನೆ, ಅದು ನಿಜ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದಕ್ಕೆ ಕಾನೂನೇ ಬಿಡುವುದಿಲ್ಲ. ಆದರೆ ಊರು ಬಿಡಿಸುವುದು ಬಿಸಿಲಲ್ಲ, ವೀಸಾ.

ಅಲ್ಲಿ ವಾಸದ ಪರವಾನಗಿ ಹೆಚ್ಚಿನವರಿಗೆ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ವೀಸಾದ ವರ್ಗ ನೋಡಿ ಕೆಲವು ತಿಂಗಳ ಗಡುವು ಕೊಡುತ್ತಾರೆ, ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ಹೊರಡಬೇಕು. 2023ರಿಂದ ನಿರುದ್ಯೋಗ ವಿಮೆ ಕಡ್ಡಾಯವಾಗಿದೆ. ಸತತ ಒಂದು ವರ್ಷ ಕಂತು ಕಟ್ಟಿದ್ದರೆ ಮೂಲ ವೇತನದ ಶೇ. 60, ಗರಿಷ್ಠ ಮೂರು ತಿಂಗಳು. ಇದರ ಜೊತೆಗೆ ಬಾಡಿಗೆಯ ತಲೆನೋವು. ವರ್ಷದ ಬಾಡಿಗೆಗೆ ಮುಂದಿನ ದಿನಾಂಕ ಹಾಕಿದ ಚೆಕ್‌ಗಳನ್ನು ಮೊದಲೇ ಬರೆದುಕೊಟ್ಟಿರುತ್ತೇವೆ. ಕೆಲಸ ಹೋಗಿದೆ ಅಂತ ಆ ಚೆಕ್‌ಗೆ ಗೊತ್ತಾಗುವುದಿಲ್ಲವಲ್ಲ, ತನ್ನ ದಿನಕ್ಕೆ ಸರಿಯಾಗಿ ಬ್ಯಾಂಕಿಗೆ ಹೋಗುತ್ತದೆ. ಹತ್ತು ವರ್ಷದ ಗೋಲ್ಡನ್ ವೀಸಾ ಇದೆ ನಿಜ, ಅದರ ಷರತ್ತಿಗೆ ಹೊಂದುವವರು ಕಡಿಮೆ. ಪೌರತ್ವದ ಆಸೆಯನ್ನಂತೂ ಸಾಮಾನ್ಯ ನೌಕರ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಐದಾರು ವರ್ಷ ದುಡಿದು ಉಳಿಸಿ ಹೊರಡುವವರಿಗೆ ದುಬೈ ಚೆನ್ನ. ನೆಲೆಸುವುದಕ್ಕಲ್ಲ.

ಕೆನಡಾ ಇದಕ್ಕೆ ತದ್ವಿರುದ್ಧ. ಅಲ್ಲಿ ಕಾಲಿಡುವ ಮುಂಚೆಯೇ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಹಕ್ಕು, ಸಿಗಬಹುದು. ಅಂಕ ನೋಡಿ ವಲಸಿಗರನ್ನು ಆರಿಸಲು 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸು, ಓದು, ಅನುಭವ, ಇಂಗ್ಲಿಷ್ ಅಥವಾ ಫ್ರೆಂಚ್ ಎಲ್ಲಕ್ಕೂ ಅಂಕ. ವಯಸ್ಸಿನ ಪೂರ್ತಿ ಅಂಕ 29ರವರೆಗೆ ಮಾತ್ರ. 30ರಿಂದ ಪ್ರತಿ ಹುಟ್ಟುಹಬ್ಬಕ್ಕೂ ಒಂದಿಷ್ಟು ಕಳಚುತ್ತದೆ, 45ಕ್ಕೆ ಸೊನ್ನೆ. ಕೆಲಸದ ಆಫರ್ ಕೈಯಲ್ಲಿದ್ದರೆ ಮೊದಲು ಹೆಚ್ಚುವರಿ ಅಂಕ ಸಿಗುತ್ತಿತ್ತು, 2025ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿದರು. ಪಿಆರ್ ಕೈಗೆ ಬಂತು ಅಂದರೆ ನನ್ನ ಪ್ರಶ್ನೆಗೆ ಇಲ್ಲಿ ಸಿಗುವಷ್ಟು ಒಳ್ಳೆಯ ಉತ್ತರ ಮತ್ತೆಲ್ಲೂ ಸಿಗಲಿಲ್ಲ. ಕೆಲಸ ಹೋದರೂ ನೀವು ಅಲ್ಲಿಯವರೇ. ಹೆಂಡತಿಗೂ ಮಕ್ಕಳಿಗೂ ಅದೇ ಹಕ್ಕು.

ತೊಡಕು ಏನಂದರೆ, ಇರುವುದಕ್ಕೆ ಹಕ್ಕಿದೆ, ಕೆಲಸ ಬೇಗ ಸಿಗುವುದಿಲ್ಲ. ನಾನು ಕಳಿಸಿದ ಅರ್ಜಿಗಳಿಗೆ ಬಂದ ಉತ್ತರಗಳಲ್ಲಿ ಒಂದೇ ರಾಗ: ಕೆನಡಾದ ಅನುಭವ ಎಷ್ಟಿದೆ? ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಎಂಜಿನಿಯರ್ ಲೈಸೆನ್ಸ್ ಕೊಡುವ ಸಂಸ್ಥೆ 2023ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. 2026ರ ಜನವರಿಯಿಂದ ಆ ಪ್ರಾಂತ್ಯದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ಅದನ್ನು ಕೇಳುವಂತೆಯೂ ಇಲ್ಲ. ಜಾಹೀರಾತಿನಿಂದ ಹೋದದ್ದು ಸಂದರ್ಶನ ಮಾಡುವವರ ತಲೆಯಿಂದ ಅಷ್ಟು ಬೇಗ ಹೋಗುತ್ತಾ? ನನಗೆ ಅನುಮಾನ. ಮನೆ ಹುಡುಕುವಾಗಲೂ ಇದೇ ಗೋಳು. ಕ್ರೆಡಿಟ್ ಸ್ಕೋರ್ ಇಲ್ಲ, ಸಂಬಳದ ಪತ್ರ ಇಲ್ಲ. ಒಂಟಾರಿಯೊ ಕಾನೂನಿನ ಪ್ರಕಾರ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಆದರೂ ಒಬ್ಬರು ನನ್ನ ಹತ್ತಿರ ಇಡೀ ವರ್ಷದ್ದು ಮುಂಗಡ ಕೇಳಿದರು, ಅದೂ ಎಷ್ಟು ಸಹಜವಾಗಿ ಅಂದರೆ, ಇಲ್ಲ ಅನ್ನುವುದಕ್ಕೆ ನಮಗೇ ಸಂಕೋಚ ಆಗುವಷ್ಟು. ಆಸ್ಪತ್ರೆ ಖರ್ಚು ಸರ್ಕಾರದ್ದೇ, ಆದರೆ ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಫ್ಯಾಮಿಲಿ ಡಾಕ್ಟರ್ ಸಿಕ್ಕರೆ ಅದೃಷ್ಟ. ಚಳಿ ಬಗ್ಗೆ ಬರೆಯುವುದೇನೂ ಇಲ್ಲ, ಒಳ್ಳೆಯ ಜಾಕೆಟ್ ಕೊಂಡರೆ ಆಯ್ತು.

ಉಳಿತಾಯ ಕರಗುತ್ತಾ ಬಂದಾಗ ಜರ್ಮನಿಯ ಕೆಲಸ ಸಿಕ್ಕಿತು, ಓದಿದ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿ ಮೇಲೆ ಹೊರಟೆವು. ಕೆನಡಾದ ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಬಿಟ್ಟು ಹೊರಡುವವರು ಈ ಲೆಕ್ಕ ಮರೆಯಬಾರದು.

ಹ್ಯಾನೋವರ್‌ನಲ್ಲಿ ಬಾಡಿಗೆಗೆ ನೋಡಿದ ಮನೆಯ ಅಡುಗೆಮನೆಯಲ್ಲಿ ಅಡುಗೆಮನೆಯೇ ಇರಲಿಲ್ಲ. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟಿಲ್ಲ. ಗೋಡೆಯಿಂದ ನೀರಿನ ಪೈಪಿನ ಎರಡು ಬಾಯಿ, ಒಲೆಗೆ ಅಂತ ಬಿಟ್ಟ ದಪ್ಪ ವೈರು, ಅಷ್ಟೇ. ಹಿಂದಿನ ಬಾಡಿಗೆದಾರರು ಎಲ್ಲವನ್ನೂ ಬಿಚ್ಚಿಕೊಂಡು ಹೋಗಿದ್ದರು. ಅಲ್ಲಿ ಇದು ಮಾಮೂಲು, ಇದ್ದ ಅಡುಗೆಮನೆಯನ್ನು ಹೊಸಬರು ದುಡ್ಡು ಕೊಟ್ಟು ಕೊಳ್ಳುವುದೂ ಉಂಟು. ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಪತ್ರ ಬೇಕು. ಬ್ಯಾಂಕು, ತೆರಿಗೆ ಸಂಖ್ಯೆ, ಇಂಟರ್‌ನೆಟ್ ಎಲ್ಲವೂ ಆ ನೋಂದಣಿ ಚೀಟಿಯ ಹಿಂದೆ ಸಾಲು ನಿಂತಿರುತ್ತವೆ. ಪತ್ರಗಳೆಲ್ಲ ಜರ್ಮನ್‌ನಲ್ಲಿ, ಅಂಚೆಯಲ್ಲಿ. ಭಾನುವಾರ ಅಂಗಡಿ ಬಂದ್. ಸಂಬಳದ ಚೀಟಿ ನೋಡಿದರೆ ದುಬೈ ನೆನಪಾಗಿ ಹೊಟ್ಟೆ ಉರಿಯುತ್ತದೆ, ಅಷ್ಟು ಕಡಿತ.

ಆದರೆ ಕಡಿತದ ದುಡ್ಡು ಎಲ್ಲಿ ಹೋಗುತ್ತದೆ ಅಂತ ಸಾಲು ಸಾಲಾಗಿ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಹಿಂದಿನ ಎರಡೂವರೆ ವರ್ಷದಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ, ಕೆಲಸ ಹೋದಾಗ ಕೈಗೆ ಬರುತ್ತಿದ್ದ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67 ಕೆಲವು ತಿಂಗಳು ಸಿಗುತ್ತದೆ. ಸರ್ಕಾರಿ ಆರೋಗ್ಯ ವಿಮೆಯ ಅರ್ಧ ಕಂತು ಕಂಪನಿಯದು. ಸಂಪಾದನೆ ಇಲ್ಲದ ಹೆಂಡತಿ, ಮಕ್ಕಳಿಗೆ ಬೇರೆ ಕಂತಿಲ್ಲ. ಬ್ಲೂ ಕಾರ್ಡ್‌ನವರಿಗೆ 27 ತಿಂಗಳಲ್ಲಿ ಕಾಯಂ ಪರವಾನಗಿ. ಜರ್ಮನ್ ಭಾಷೆಯಲ್ಲಿ ಬಿ1 ಅನ್ನುವ ಮಧ್ಯಮ ಹಂತ ಮುಗಿಸಿದ್ದರೆ 21 ತಿಂಗಳೇ ಸಾಕು. ಅಲ್ಲಿಯವರೆಗೆ ಕೆಲಸ ಹೋದರೆ ಭಯ ಇದ್ದೇ ಇದೆ, ವಿದೇಶಿಯರ ಪರವಾನಗಿ ನೋಡಿಕೊಳ್ಳುವ ಕಚೇರಿಗೆ ತಿಳಿಸಿ ಹೊಸ ಕೆಲಸ ಹುಡುಕಬೇಕು. ಅದು ದಾಟಿದರೆ ಕೆನಡಾದಷ್ಟೇ ನಿರಾಳ. 2024ರ ಜೂನ್ 27ರಿಂದ ಪೌರತ್ವಕ್ಕೆ ಎಂಟರ ಬದಲು ಐದು ವರ್ಷ ಸಾಕು, ಹಳೆಯ ಪೌರತ್ವ ಬಿಡಬೇಕು ಅನ್ನುವ ಷರತ್ತೂ ಹೋಯಿತು. ನಿಮ್ಮ ತಾಯ್ನಾಡು ಎರಡನ್ನೂ ಇಟ್ಟುಕೊಳ್ಳಲು ಬಿಡುತ್ತದಾ ಅನ್ನುವುದು ಬೇರೆ ಮಾತು.

ಇಲ್ಲಿ ಹೆಚ್ಚು ಬೆವರು ಸುರಿಸಿದವಳು ಹೆಂಡತಿ. ಬ್ಲೂ ಕಾರ್ಡ್‌ನವರ ಸಂಗಾತಿಗೆ ಬಂದ ಕೂಡಲೇ ಕೆಲಸ ಮಾಡುವ ಹಕ್ಕಿದೆ, ಆದರೆ ನರ್ಸ್ ಆಗಲು ಪದವಿಗೆ ಮಾನ್ಯತೆ ಬೇಕು, ಭಾಷೆ ಸಾಮಾನ್ಯವಾಗಿ ಬಿ1ಕ್ಕಿಂತ ಮೇಲಿನ ಬಿ2 ಮಟ್ಟಕ್ಕೆ ಬರಬೇಕು. ನನ್ನ ಆಫೀಸು ಇಂಗ್ಲಿಷ್‌ನಲ್ಲಿ ನಡೆದುಹೋಗುತ್ತದೆ, ಅವಳ ವಾರ್ಡು ನಡೆಯುವುದಿಲ್ಲ. ಹಾಗಂತ ಕೆನಡಾ ಸುಲಭ ಅಂದುಕೊಳ್ಳಬೇಡಿ. ಅಲ್ಲಿ ಭಾಷೆ ಗೊತ್ತಿದ್ದರೂ ಪ್ರಾಂತ್ಯದ ಲೈಸೆನ್ಸ್ ಇಲ್ಲದೆ ನರ್ಸ್ ಆಗುವಂತಿಲ್ಲ. ಗಂಡ ಹೆಂಡಿರಲ್ಲಿ ಯಾರ ಕೆಲಸಕ್ಕೆ ಲೈಸೆನ್ಸ್ ಬೇಕೋ, ಅವರ ದಾರಿ ನೋಡಿ ದೇಶ ಆರಿಸಿ ಅನ್ನುತ್ತೇನೆ. ಇನ್ನೊಬ್ಬರು ಹೇಗೋ ಹೊಂದಿಕೊಳ್ಳುತ್ತಾರೆ.

ನಾವು ಜರ್ಮನಿಯಲ್ಲೇ ಉಳಿದೆವು. ಕೈಯಲ್ಲಿ ಒಂದು ವರ್ಷ ಕೂತು ಉಣ್ಣುವಷ್ಟು ದುಡ್ಡಿದ್ದು, ವಯಸ್ಸು ಮೂವತ್ತರೊಳಗಿದ್ದರೆ ಮಾತ್ರ ಕೆನಡಾ ಮೊದಲು ಅನ್ನುತ್ತಿದ್ದೆ. ಒಂದು ವಿಷಯದಲ್ಲಿ ಕೆನಡಾ ಈಗಲೂ ಮುಂದು, ಹೆತ್ತವರನ್ನು ಕರೆಸಿಕೊಳ್ಳುವುದರಲ್ಲಿ. ಸೂಪರ್ ವೀಸಾದಲ್ಲಿ ಒಂದೊಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಜರ್ಮನಿಗೆ ಷೆಂಗನ್ ವೀಸಾದಲ್ಲಿ, ಅಂದರೆ ಯುರೋಪಿನ ಅಲ್ಪಾವಧಿ ವೀಸಾದಲ್ಲಿ, ಬಂದರೆ 180 ದಿನದಲ್ಲಿ 90 ದಿನ ಅಷ್ಟೇ. ಸೂಪರ್ ವೀಸಾಗೆ ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದ್ದು, ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಆ ಕಂತು ಎಷ್ಟು ಬರುತ್ತದೆ ಅಂತ ದೇಶ ಆರಿಸುವ ಮುಂಚೆಯೇ ಕೇಳಿ ನೋಡಿ.