ಮಕ್ಕಳ ಹೆಲ್ಮೆಟ್‌ಗೆ ರೆಸಿನ್ ಬಳಿಯಲು ಹೊರಟವರು ಒಮ್ಮೆ ಓದಿ

ಶಾಲೆಯ ಛದ್ಮವೇಷಕ್ಕೋ ಊರಿನ ನಾಟಕಕ್ಕೋ ಮನೆಯಲ್ಲೇ ಹೆಲ್ಮೆಟ್ ಮಾಡಿ, ಅದು ಗಟ್ಟಿಯಾಗಲೆಂದು ಫೈಬರ್ ರೆಸಿನ್ ಎಂಬ, ಬಳಿದ ಮೇಲೆ ಗಟ್ಟಿಯಾಗುವ ಅಂಟುದ್ರವ ತರಲು ಹೊರಟವರಿದ್ದರೆ ಐದು ನಿಮಿಷ ಕುಳಿತು ಇದನ್ನು ಓದಿ. ನನ್ನ ಕನ್ನಡಕದ ಬಲಗಡೆಯ ಗಾಜಿನ ಮೇಲೆ ಮೂರು ಮಚ್ಚೆಗಳಿವೆ. ಒರೆಸಿದರೆ ಹೋಗುವುದಿಲ್ಲ. ಕನ್ನಡಕ ಹಾಕುವ ಅಭ್ಯಾಸ ಇಲ್ಲದಿದ್ದರೆ ಆ ಮೂರು ಹನಿ ಎಲ್ಲಿ ಬೀಳುತ್ತಿದ್ದವು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಹೊರಟದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ನಾಲ್ಕನೆಯ ತರಗತಿಯ ಮಗಳಿಗೆ ಅದೇ ಧ್ಯಾನ. ಚಂದ್ರಯಾನ-3 ಇಳಿದ ದಿನವಾದ ಆಗಸ್ಟ್ 23ಕ್ಕೆ ಶಾಲೆಯಲ್ಲಿ ಬಾಹ್ಯಾಕಾಶ ದಿನದ ಛದ್ಮವೇಷ ಇದೆ ಎಂದು ಗೊತ್ತಾದ ಮೇಲೆ ಕೇಳಬೇಕೇ? ಬಿಳಿ ಅಂಗಿ, ಬಿಳಿ ಪ್ಯಾಂಟು ಮನೆಯಲ್ಲೇ ಇದ್ದವು. ಉಳಿದದ್ದು ಹೆಲ್ಮೆಟ್ ಮಾತ್ರ.

ಮೊದಲು ದೊಡ್ಡ ಬಲೂನಿಗೆ ಮೈದಾ ಗಂಜಿಯಲ್ಲಿ ಅದ್ದಿದ ಪತ್ರಿಕೆಯ ಚೂರುಗಳನ್ನು ಅಂಟಿಸಿದೆ. ನಮ್ಮ ಆಗಸ್ಟಿನ ಮಳೆಯಲ್ಲಿ ಒಗೆದ ಬನಿಯನ್ನೇ ಒಣಗುವುದಿಲ್ಲ, ಇನ್ನು ಗಂಜಿ ಒಣಗುತ್ತದೆಯೇ? ಮೂರನೆಯ ದಿನಕ್ಕೆ ಹಸಿರು ಬೂಷ್ಟು ಬಂತು. ಆಮೇಲೆ ಹಿಂದಿನ ವರ್ಷದ ಗಣಪತಿ ಮಂಟಪದ ಥರ್ಮಾಕೋಲ್ ಹಲಗೆಗಳನ್ನು ಅಂಟಿಸಿ ಕೊರೆದೆ. ಚಂದವಾಗಿಯೇ ಬಂತು. ಆದರೆ ಉಗುರು ತಾಗಿದರೂ ಗುಳಿ ಬೀಳುತ್ತಿತ್ತು. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಹೇಳಿದ್ದು ಒಂದೇ ಮಾತು: ಫೈಬರ್ ರೆಸಿನ್ ಬಳಿಯಿರಿ, ಕಲ್ಲಿನಂತಾಗುತ್ತದೆ.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಒಂದು ಕಿಲೋ ರೆಸಿನ್, ಗಾಜಿನ ನಾರಿನ ಮ್ಯಾಟ್, ಎರಡು ಪುಟ್ಟ ಬಾಟಲಿ ಕೊಟ್ಟರು. ಒಂದು ಬಾಟಲಿಯಲ್ಲಿ ನೇರಳೆ ಬಣ್ಣದ ದ್ರವ, ಇನ್ನೊಂದರಲ್ಲಿ ನೀರಿನಂಥದ್ದು. ಎರಡರ ಮೇಲೂ ಚೀಟಿ ಇರಲಿಲ್ಲ. ಹೇಗೆ ಬಳಸುವುದೆಂದು ಕೇಳಿದ್ದಕ್ಕೆ, "ಮೂರನ್ನೂ ಸೇರಿಸಿ ಬಳಿಯುವುದು, ಅಷ್ಟೇ ಸಾರ್" ಎಂದರು. ಆ 'ಅಷ್ಟೇ' ಎಂಬ ಪದದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮೊದಲ ಸಂಜೆ ವಿಡಿಯೋದಲ್ಲಿ ತೋರಿಸಿದ ಕ್ರಮದಲ್ಲೇ ಬೆರೆಸಿ ಥರ್ಮಾಕೋಲಿಗೆ ಬ್ರಷ್ ಮುಟ್ಟಿಸಿದೆ. ಮುಟ್ಟಿಸಿದಲ್ಲಿ ಬೊಂಬಾಯಿ ಮಿಠಾಯಿ ನಾಲಿಗೆಯ ಮೇಲೆ ಕರಗುವಂತೆ ಕರಗಿತು. ನಾಲ್ಕು ದಿನ ಕೊರೆದ ಹೆಲ್ಮೆಟ್ ಹತ್ತು ನಿಮಿಷದಲ್ಲಿ ಅಂಟಂಟಾದ ಮುದ್ದೆ. ಅಗ್ಗದ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರಾವಕ ಇರುತ್ತದೆ. ಥರ್ಮಾಕೋಲ್ ಕೂಡ ಅದೇ ಸ್ಟೈರೀನಿನಿಂದ ಆದದ್ದು, ಪಾಲಿಸ್ಟೈರೀನ್. ಹಾಗಾಗಿ ಒಂದರಲ್ಲಿ ಇನ್ನೊಂದು ಕರಗಿಹೋಗುತ್ತದೆ. ಸ್ಪ್ರೇ ಪೇಂಟ್ ಹೊಡೆದರೂ ಬಹುಮಟ್ಟಿಗೆ ಇದೇ ಗತಿ. ಎಪಾಕ್ಸಿ ರೆಸಿನ್ ಥರ್ಮಾಕೋಲನ್ನು ಕರಗಿಸುವುದಿಲ್ಲ, ಆದರೆ ಬೆಲೆ ಜಾಸ್ತಿ.

ಹೋಗಲಿ ಎಂದು ರಟ್ಟಿನಲ್ಲಿ ಹೊಸದಾಗಿ ಮಾಡಿ ಅದಕ್ಕೆ ಬಳಿದೆ. ಹೊರಗೆ ಜಡಿಮಳೆ ಎಂದು ಕಿಟಕಿ ಮುಚ್ಚಿಕೊಂಡು ಜಗಲಿಯಲ್ಲೇ ಕುಳಿತಿದ್ದೆ. ಅರ್ಧ ಗಂಟೆಯಲ್ಲಿ ಅಮ್ಮ ತಲೆ ಹಿಡಿದುಕೊಂಡು ಎದ್ದು ಬಂದರು. "ಇದೇನು ಮಾರಾಯ, ಮನೆಯೊಳಗೆ ಕೂರಲು ಆಗುತ್ತಿಲ್ಲವಲ್ಲ!" ಗಾಜಿನ ನಾರು ಚುಚ್ಚಿದ ಮುಂಗೈ ಎರಡು ದಿನ ತುರಿಸಿತು. ಮರುದಿನವೂ ಹೆಲ್ಮೆಟ್ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಈ ಬಗೆಯ ರೆಸಿನ್‌ನ ಗಾಳಿಗೆ ತೆರೆದ ಮೇಲ್ಪದರ ಸುಲಭವಾಗಿ ಪೂರ್ತಿ ಗಟ್ಟಿಯಾಗುವುದಿಲ್ಲ. ಥಂಡಿ, ತೇವ ಇದ್ದರೆ ಇನ್ನೂ ಕಷ್ಟ. ಮಗಳು ಒಮ್ಮೆ ತಲೆ ತೂರಿಸಿ ತಕ್ಷಣ ತೆಗೆದಳು. "ಅಪ್ಪಾ, ಒಳಗೆ ಪೆಟ್ರೋಲ್ ಬಂಕ್ ಇದ್ದಂತಿದೆ" ಎಂದಳು.

ಮಳೆಗಾಲದಲ್ಲಿ ನಾವು ಒಣಗದ್ದನ್ನೆಲ್ಲ ಒಯ್ಯುವುದು ಬಚ್ಚಲ ಒಲೆಯ ಬಳಿಗೆ. ಕಂಬಳಿ, ಮಕ್ಕಳ ಯೂನಿಫಾರಂ, ಪುಸ್ತಕ, ಎಲ್ಲವೂ ಅಲ್ಲಿಯೇ. ಅಭ್ಯಾಸಬಲದಿಂದ ನಾನು ಹೆಲ್ಮೆಟ್ಟನ್ನೂ ಹಂಡೆಯ ಪಕ್ಕಕ್ಕೆ ಒಯ್ದೆ. ಬೆಂಕಿ ನಿಗಿನಿಗಿ ಉರಿಯುತ್ತಿತ್ತು. "ರೀ, ಸೀಮೆಎಣ್ಣೆಯ ಥರ ವಾಸನೆ ಹೊಡೆಯುತ್ತಿದೆ, ಅದನ್ನು ಒಲೆಯ ಹತ್ತಿರ ಇಡುತ್ತೀರಾ?" ಎಂದು ಹೆಂಡತಿ ಕಸಿದುಕೊಂಡಳು. ಅವಳು ರಸಾಯನಶಾಸ್ತ್ರ ಓದಿದವಳಲ್ಲ, ಮೂಗು ಸರಿ ಇತ್ತು. ಸುಮಾರು 31 ಡಿಗ್ರಿ ಬಿಸಿಯಲ್ಲೇ ಸ್ಟೈರೀನ್‌ನಿಂದ ಏಳುವ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ನಾನು ಓದಿಕೊಂಡದ್ದು ಆಮೇಲೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದು ಒಲೆಯ ಬಾಯಿಗೆ ಹೋಗಬಲ್ಲದು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಆ ರಾತ್ರಿ, ಗಟ್ಟಿಯಾಗಿಸುವ ದ್ರವ, ಅಂದರೆ ಹಾರ್ಡನರ್ ಕಡಿಮೆಯಾಗಿರಬೇಕು, ಇನ್ನೊಂದು ಕೋಟ್ ಕೊಟ್ಟರೆ ಸರಿಹೋದೀತು ಎನಿಸಿತು. ಎರಡು ಬಾಟಲಿಯಿಂದಲೂ ಹಾಕಬೇಕಾದದ್ದು ಹನಿಗಳ ಲೆಕ್ಕ, ಬೇರೆ ಬೇರೆ ಏಕೆ ಹಾಕಬೇಕು ಎಂದು ಸ್ಟೀಲ್ ಚಮಚದಲ್ಲಿ ನೇರಳೆಯದ್ದನ್ನು ಇಟ್ಟುಕೊಂಡು ಅದರ ಮೇಲೆಯೇ ನೀರಿನಂಥದ್ದನ್ನು ಬಿಟ್ಟೆ. ಕಾದ ಎಣ್ಣೆಗೆ ನೀರು ಬಿದ್ದಂತೆ ಚಮಚ ಚಟ್ಟೆಂದು ಸಿಡಿಯಿತು. ಹೊಗೆ. ಕನ್ನಡಕದ ಮೇಲೆ ಮೂರು ಹನಿ, ಮಣಿಕಟ್ಟಿನ ಮೇಲೆ ಒಂದು. ಮಣಿಕಟ್ಟಿನಲ್ಲಿ ಬೊಬ್ಬೆ ಎದ್ದು ಚರ್ಮ ಸುಲಿಯಿತು.

ಈ ಬರಹದಲ್ಲಿ ಬೇರೇನೂ ನೆನಪಿನಲ್ಲಿ ಉಳಿಯದಿದ್ದರೂ ಇದೊಂದು ಉಳಿಯಲಿ. ನೇರಳೆ ದ್ರವ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣ, ನೀರಿನಂಥದ್ದು ಅದನ್ನು ಗಟ್ಟಿಯಾಗಿಸುವ ಎಂಇಕೆಪಿ ಎಂಬ ಪೆರಾಕ್ಸೈಡ್. ಇವೆರಡೂ ನೇರವಾಗಿ ಸೇರಿದರೆ ಸಿಡಿಯುತ್ತವೆ. ನನ್ನದು ಚಮಚದಷ್ಟಾಗಿದ್ದಕ್ಕೆ ಬಚಾವಾದೆ, ಲೋಟದಷ್ಟಾಗಿದ್ದರೆ ಮನೆಗೆ ಬೆಂಕಿ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಕಿ, ಪೆರಾಕ್ಸೈಡನ್ನು ಕೊನೆಯಲ್ಲಿ ಬೇರೆಯಾಗಿ ಹಾಕುವುದು ಕ್ರಮ. ಅಳತೆ ಮೀರಿ ಹಾಕಿದರೆ ರೆಸಿನ್ ತಾನೇ ಬಿಸಿಯೇರಿ ಹೊಗೆಯಾಡಿ ಬಿರಿಯುತ್ತದೆ. ಪೆರಾಕ್ಸೈಡ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದ ಕ್ಷಣದಿಂದಲೇ ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಇಷ್ಟೆಲ್ಲ ಜೋಪಾನ ಬೇಡುವ ವಸ್ತುವನ್ನು ಒಂಬತ್ತು ವರ್ಷದ ಮಗುವಿನ ತಲೆಯ ಮೇಲೆ ಅರ್ಧ ಗಂಟೆ ಇರುವ ಟೊಪ್ಪಿಗೆಗೆ ತಂದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಉಳಿದದ್ದು ನಾಲ್ಕು ದಿನ. ಅಂಟಿದ ಹೆಲ್ಮೆಟ್ಟನ್ನು ಆಚೆ ಇಟ್ಟು ಮತ್ತೆ ರಟ್ಟು ಕತ್ತರಿಸಿದೆ. ಗಂಜಿಗೆ ಬೂಷ್ಟು ಬರದಂತೆ ಹಿಂದೆ ಮೈಲುತುತ್ತ ಸೇರಿಸುತ್ತಿದ್ದರು ಎಂದು ಅಮ್ಮ ನೆನಪಿಸಿದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ನಮ್ಮಂಥವರ ಮನೆಯಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ಅದು ವಿಷ. ಮಗುವಿನ ಬಾಯಿ ಮೂಗಿನ ಬಳಿ ಇರುವ ವಸ್ತುವಿಗೆ ಖಂಡಿತ ಬೇಡ ಎಂದೆ. ಗಂಜಿಯನ್ನೇ ಬಿಟ್ಟು ಮೂರು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿದೆ. ಅಪ್ಪನ ಹಳೆಯ ಹತ್ತಿ ಪಂಚೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಅದರಲ್ಲಿ ಅದ್ದಿ ಹಿಂಡಿ, ಒಂದು ಪದರ ಅಡ್ಡ, ಒಂದು ಪದರ ಉದ್ದ ಎಂದು ಅಂಟಿಸಿದೆ. ಒಟ್ಟು ನಾಲ್ಕು ಪದರ. ಒಂದು ಒಣಗದೆ ಇನ್ನೊಂದು ಹಾಕಬಾರದು, ಒಳಗೆ ತೇವ ಸಿಕ್ಕಿಕೊಂಡರೆ ರಟ್ಟು ಮೆತ್ತಗಾಗಿ ಆಕಾರ ಕೆಡುತ್ತದೆ. ಇದರಲ್ಲಿ ಹೊತ್ತಿಕೊಳ್ಳುವ ಆವಿ ಇಲ್ಲದ ಕಾರಣ ಬಚ್ಚಲಿನ ತಂತಿಗೆ, ಒಲೆಯಿಂದ ನಾಲ್ಕು ಮೊಳ ದೂರದಲ್ಲಿ ನೇತುಹಾಕಿದೆ.

ಇಂಥ ಹೆಲ್ಮೆಟ್ ಮೊದಲು ಹರಿಯುವುದು ಅಂಚಿನಲ್ಲಿ. ಅಲ್ಲಿಗೆ ಅಡಿಕೆ ಹಾಳೆ. ಹಾಳೆಯನ್ನು ನೀರಿನಲ್ಲಿ ನೆನೆಹಾಕಿದರೆ ಚರ್ಮದಂತೆ ಬಾಗುತ್ತದೆ, ಒಣಗಿದರೆ ಬಾಗಿದ ಆಕಾರದಲ್ಲೇ ಬಿಗಿಯುತ್ತದೆ. ತೋಟದ ಕೆಲಸಕ್ಕೆ ಹಾಳೆಯ ಟೊಪ್ಪಿ ಮಾಡಿಕೊಂಡ ಹಿರಿಯರಿಗೆ ಗೊತ್ತಿದ್ದದ್ದು ಇದೇ ತಾನೆ? ಮೂರು ಬೆರಳಗಲದ ಪಟ್ಟಿಯನ್ನು ಕುತ್ತಿಗೆಯ ಸುತ್ತಿನ ಅಂಚಿಗೆ ಬಾಗಿಸಿ, ಒಣಗಿದ ಮೇಲೆ ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದು, ಮೇಲೊಂದು ಪದರ ಬಟ್ಟೆ ಅಂಟಿಸಿದೆ. ಮೇಜಿನಿಂದ ಎರಡು ಸಲ ಬಿದ್ದರೂ ಏನೂ ಆಗಲಿಲ್ಲ. ಖರ್ಚು ಫೆವಿಕಾಲ್ ಮತ್ತು ಬಿಳಿ ಬಣ್ಣದ್ದು ಮಾತ್ರ. ಮುಖದ ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲಿಲ್ಲ, ಮಗು ಉಸಿರಾಡಬೇಕಲ್ಲ.

ಕಾರ್ಯಕ್ರಮ ಮುಗಿಸಿ ಹೊರಟಾಗ ಅವಳು ಅದನ್ನೇ ಹಾಕಿಕೊಂಡು ಸ್ಕೂಟರ್ ಏರಿದಳು. ಇಳಿಸಿ ಐಎಸ್‌ಐ ಗುರುತಿನ ಅವಳ ಹೆಲ್ಮೆಟ್ ಹಾಕಿಸಿದೆ. "ನಿಮ್ಮದು ಗಟ್ಟಿ ಇಲ್ಲವಾ ಹಾಗಾದರೆ?" ಎಂದು ದಾರಿಯುದ್ದಕ್ಕೂ ಮುನಿಸು.

ಮಿಕ್ಕ ಬಾಟಲಿಗಳದ್ದೇ ಈಗ ಚಿಂತೆ. ಹಳ್ಳಕ್ಕೆ ಸುರಿಯುವಂತಿಲ್ಲ, ಅಂಗಡಿಯವರು ವಾಪಸ್ ಪಡೆಯಲಿಲ್ಲ. ಶಿವಮೊಗ್ಗದಲ್ಲಿ ಫೈಬರ್ ಕೆಲಸ ಮಾಡುವವರೊಬ್ಬರು ಈ ಕಡೆ ಬಂದಾಗ ಒಯ್ಯುತ್ತೇನೆ ಎಂದಿದ್ದಾರೆ. ಅವರು ಬರುವವರೆಗೆ ನೇರಳೆಯದ್ದು ಕೊಟ್ಟಿಗೆಯ ಅಟ್ಟದಲ್ಲಿ, ನೀರಿನಂಥದ್ದು ತೋಟದ ಪಂಪ್‌ಹೌಸ್‌ನ ತಣ್ಣನೆಯ ಮೂಲೆಯಲ್ಲಿ, ಎರಡಕ್ಕೂ ದಪ್ಪ ಅಕ್ಷರದ ಚೀಟಿ ಅಂಟಿಸಿಕೊಂಡು ಕುಳಿತಿವೆ.