ಫುಟಾಬಾವೋ ಫೋರ್‌ಚಾನೋ: ಕಿರುಪ್ರಬಂಧಕ್ಕೆ ಯಾವುದು?

ಹೆಸರು ಹೇಳದೆಯೇ ಚಿತ್ರ ಹಾಕಿ ಚರ್ಚಿಸುವ ಜಾಲತಾಣಗಳಾದ ಅನಾಮಧೇಯ ಇಮೇಜ್‌ಬೋರ್ಡ್‌ಗಳ ಕುರಿತ ಕಿರುಪ್ರಬಂಧಕ್ಕೆ ಫುಟಾಬಾ ಚಾನೆಲ್ ಮತ್ತು ಫೋರ್‌ಚಾನ್‌ಗಳಲ್ಲಿ ಯಾವುದನ್ನು ಆರಿಸಲಿ ಎಂದು ಮಾನಸಗಂಗೋತ್ರಿಯ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ. ಮೂಲವನ್ನು ಹುಡುಕುವವರಿಗೆ ಫುಟಾಬಾವೇ ಸರಿ: ಟೂಚಾನೆಲ್ ಎಂಬ ಜಪಾನಿ ಚರ್ಚಾತಾಣ ಮುಚ್ಚಿಹೋಗುವ ಭೀತಿಯಲ್ಲಿ ಅದು 2001ರಲ್ಲಿ ಜಪಾನಿನಲ್ಲಿ ಹುಟ್ಟಿತು; ಫುಟಾಬಾದ ತಂತ್ರಾಂಶವನ್ನೇ ಬಳಸಿಕೊಂಡು, 15ರ ಹರೆಯದ ಕ್ರಿಸ್ಟೋಫರ್ ಪೂಲ್ 2003ರಲ್ಲಿ ಅಮೆರಿಕದಲ್ಲಿ ಫೋರ್‌ಚಾನ್ ಆರಂಭಿಸಿದರು. ಆದರೆ ಜಪಾನಿ ಭಾಷೆ ಬಾರದವರಿಗೆ ಆ ದಾರಿ ಬಹಳ ಕಠಿಣ. ಇಂಗ್ಲಿಷ್ ಆಕರಗಳು, ಮೀಮ್‌ಗಳ ಬೆಳವಣಿಗೆ, 2008ರಲ್ಲಿ ಸೈಂಟಾಲಜಿ ಎಂಬ ಧಾರ್ಮಿಕ ಪಂಥದ ವಿರುದ್ಧ ಮುಖವಾಡ ಧರಿಸಿ ಬೀದಿಗಿಳಿದ ‘ಅನಾನಿಮಸ್’ ಬಳಗದ ಕಥನ ಇವೆಲ್ಲ ಬೇಕಾದವರಿಗೆ ಫೋರ್‌ಚಾನ್ ಅನುಕೂಲ. ಅಲ್ಲಿನ ದ್ವೇಷದ ಮಾತುಗಳನ್ನು ತಿಂಗಳುಗಟ್ಟಲೆ ಓದುವ ಗಟ್ಟಿ ಮನಸ್ಸು ಮಾತ್ರ ಬೇಕು (ನನಗಂತೂ ವಾರಕ್ಕೇ ಸಾಕಾಗಿತ್ತು). ಬಾಳಿಕೆಯಲ್ಲಿ ಎರಡೂ ಒಂದೇ: ಹೊಸ ಚರ್ಚೆ ಬಂದಂತೆ ಹಳೆಯದು ಅಳಿಸಿಹೋಗುವುದರಿಂದ, ಕಂಡದ್ದನ್ನು ಅಂದೇ ಉಳಿಸಿಟ್ಟುಕೊಳ್ಳಬೇಕು.